ಥೇಮ್ಸ್ ದಡದಲ್ಲಿ ನಡೆದು, ಗ್ಲೋಬ್ ಅಂಗಳದಲ್ಲಿ ನಿಂತು ನೋಡಿದ ಆಟ

ನಾವು ಲಂಡನ್ ಹತ್ತಿರದ ರೆಡಿಂಗ್‌ನಲ್ಲಿ ಇರುವುದು. ಬಂದು ಎಂಟು ವರ್ಷವಾಯಿತು. ಮೊದಲೆಲ್ಲ ಊರಿಂದ ಯಾರೇ ಬಂದರೂ ಒಂದೇ ದಿನದಲ್ಲಿ ಇಡೀ ಲಂಡನ್ ತೋರಿಸಲು ಓಡಾಡುತ್ತಿದ್ದೆ. ಸಂಜೆಗೆ ಎಲ್ಲರಿಗೂ ಸುಸ್ತು, ಏನು ನೋಡಿದೆವು ಅಂತ ಯಾರಿಗೂ ನೆನಪಿರುತ್ತಿರಲಿಲ್ಲ. 2023ರ ಜೂನ್‌ನಲ್ಲಿ ಕುಂದಾಪುರದಿಂದ ಅಪ್ಪಯ್ಯ, ಅಮ್ಮ ಬಂದಾಗ ಬೇರೆ ರೀತಿ ಮಾಡಿದೆವು. ನದಿಯ ಒಂದೇ ದಡ, ಒಂದೇ ದಿನ, ಕೊನೆಗೆ ಶೇಕ್ಸ್‌ಪಿಯರ್‌ನ ಗ್ಲೋಬ್ ರಂಗಮಂದಿರದಲ್ಲಿ ಒಂದು ನಾಟಕ. ನೀವೂ ಹೀಗೇ ಮಾಡಿ ಅಂತ ಧೈರ್ಯವಾಗಿ ಹೇಳುತ್ತೇನೆ.

ಮೊದಲು ದುಡ್ಡಿನ ಮಾತು. ಲಂಡನ್ ಬಸ್ಸಿನಲ್ಲಿ ನಗದು ತೆಗೆದುಕೊಳ್ಳುವುದಿಲ್ಲ. ಮೊದಲೇ ದುಡ್ಡು ತುಂಬಿಸುವ ಆಯಿಸ್ಟರ್ ಕಾರ್ಡ್ ಇರಲಿ, ಇಲ್ಲವೇ ಮುಟ್ಟಿಸಿ ಪಾವತಿಸುವ ಬ್ಯಾಂಕ್ ಕಾರ್ಡ್ ಇರಲಿ, ತಲೆಗೊಂದು ಬೇಕು. ಒಂದೇ ಕಾರ್ಡಿನಲ್ಲಿ ಇಬ್ಬರು ಹೋಗಲು ಆಗುವುದಿಲ್ಲ. ನೆಲದಡಿಯ ಟ್ಯೂಬ್ ರೈಲಿನಲ್ಲಿ ಹತ್ತುವಾಗ, ಇಳಿಯುವಾಗ ಎರಡೂ ಸಲ ಮುಟ್ಟಿಸಬೇಕು. ಬಸ್ಸಿನಲ್ಲಿ ಹತ್ತುವಾಗ ಮಾತ್ರ. ದಿನಕ್ಕೆ ಇಷ್ಟೇ ಅಂತ ಮಿತಿ ಇದೆ, ಅದು ದಾಟಿದ ಮೇಲೆ ಎಷ್ಟು ಓಡಾಡಿದರೂ ದುಡ್ಡು ಹೋಗುವುದಿಲ್ಲ.

ಹಿಂದಿನ ದಿನ ಶುಕ್ರವಾರ ಸಂಜೆ ಸೌತ್ ಕೆನ್ಸಿಂಗ್ಟನ್‌ನ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಮ್ಯೂಸಿಯಮ್ಮಿಗೆ ಹೋಗಿದ್ದೆವು. ಪ್ರವೇಶ ಉಚಿತ. ಬೇರೆ ದಿನ ಸಂಜೆ ಮುಚ್ಚುತ್ತದೆ, ಶುಕ್ರವಾರ ರಾತ್ರಿ 10ರವರೆಗೆ ತೆರೆದಿರುತ್ತದೆ. ಟಿಪ್ಪುವಿನ ಹುಲಿ ಇರುವುದು ಇಲ್ಲಿಯೇ. ಮರದ ಹುಲಿ, ಅದರ ಕೆಳಗೆ ಬಿದ್ದಿರುವ ಯುರೋಪಿನ ಮನುಷ್ಯ, ಹುಲಿಯ ಹೊಟ್ಟೆಯೊಳಗೆ ಆರ್ಗನ್ ವಾದ್ಯ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಹೊತ್ತು ತಂದದ್ದು. ಅಮ್ಮ ಅದರ ಮುಂದೆ ತುಂಬಾ ಹೊತ್ತು ನಿಂತಿದ್ದರು. ನಮ್ಮಲ್ಲಿಂದ ಹೋದದ್ದನ್ನು ಇಷ್ಟು ದೂರ ಬಂದು ನೋಡುವಾಗ ಹೆಮ್ಮೆ, ಸಂಕಟ ಎರಡೂ ಆಗುತ್ತದೆ. ಹೋಗುವ ಮೊದಲು ಹುಲಿ ಯಾವ ಕೋಣೆಯಲ್ಲಿದೆ, ಆ ಕೋಣೆ ತೆರೆದಿದೆಯಾ ಅಂತ ವೆಬ್‌ಸೈಟಿನಲ್ಲಿ ನೋಡಿಕೊಳ್ಳಿ.

ಶನಿವಾರ 11 ಗಂಟೆಗೆ ವಾಕ್ಸ್‌ಹಾಲ್ ಸ್ಟೇಷನ್ನಿನಲ್ಲಿ ಇಳಿದೆವು. ಅಲ್ಲಿಂದ ನದಿಯನ್ನು ಎಡಕ್ಕೆ ಇಟ್ಟುಕೊಂಡು ನಡೆದರೆ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ ಬಸವಣ್ಣನವರ ಪ್ರತಿಮೆ ಸಿಗುತ್ತದೆ. 2015ರ ನವೆಂಬರ್ 14ರಂದು ಪ್ರಧಾನಿ ಮೋದಿ ಅನಾವರಣ ಮಾಡಿದ್ದು. ಕಲಬುರಗಿ ಕಡೆಯವರಾದ, ಲಂಡನ್ನಿನ ಲ್ಯಾಂಬೆತ್ ಪ್ರದೇಶದ ಮೇಯರ್ ಆಗಿದ್ದ ನೀರಜ್ ಪಾಟೀಲರು ಇದಕ್ಕಾಗಿ ಬಹಳ ಓಡಾಡಿದ್ದರು. ಅಲ್ಲಿಂದಲೇ ಮುಂದಕ್ಕೆ ನೋಡಿದರೆ ನದಿಯಾಚೆ ಪಾರ್ಲಿಮೆಂಟ್. ಅಪ್ಪಯ್ಯ ಚಪ್ಪಲಿ ಬಿಟ್ಟು ಕೈ ಮುಗಿದರು.

ಲ್ಯಾಂಬೆತ್ ಸೇತುವೆ ಹತ್ತದೆ ಅದೇ ದಡದಲ್ಲಿ ಮುಂದೆ ಹೋದರೆ, ಪಾರ್ಲಿಮೆಂಟಿಗೆ ಎದುರಾಗಿ ಉದ್ದಕ್ಕೆ ಒಂದು ಗೋಡೆ. ಅದರ ತುಂಬ ಕೆಂಪು ಹೃದಯಗಳು. ಕೋವಿಡ್‌ನಲ್ಲಿ ತೀರಿಕೊಂಡ ಒಬ್ಬೊಬ್ಬರಿಗೂ ಒಂದೊಂದು, ಸ್ವಯಂಸೇವಕರು 2021ರಲ್ಲಿ ಕೈಯಿಂದಲೇ ಬಿಡಿಸಿದ್ದು. ಫೋಟೊ ತೆಗೆದು ಓಡಬೇಡಿ, ಹೆಸರುಗಳನ್ನು ಓದುತ್ತಾ ನಿಧಾನ ನಡೆಯಿರಿ.

ಲಂಡನ್ ಐ ಎಂಬ ದೊಡ್ಡ ತಿರುಗುಚಕ್ರದ ಹತ್ತಿರ ಜನಜಂಗುಳಿ. ನಾವು ನಿಲ್ಲಲಿಲ್ಲ. ವಾಟರ್ಲೂ ಸೇತುವೆಯ ಅಡಿಯಲ್ಲಿ ಹಳೆ ಪುಸ್ತಕ ಮಾರುವ ಉದ್ದುದ್ದ ಮೇಜುಗಳಿವೆ, ಅಲ್ಲಿ ಅರ್ಧ ಗಂಟೆ ಕಳೆದದ್ದೇ ಗೊತ್ತಾಗಲಿಲ್ಲ. ಮನೆಯಿಂದ ತಂದ ಪುಳಿಯೋಗರೆಯನ್ನು ನದಿ ಪಕ್ಕದ ಬೆಂಚಿನ ಮೇಲೆ ತಿಂದೆವು. ಬರೋ ಮಾರ್ಕೆಟ್‌ನಲ್ಲಿ ಸಸ್ಯಾಹಾರವೂ ಸಿಗುತ್ತದೆ, ಆದರೆ ಶನಿವಾರ ಮಧ್ಯಾಹ್ನ ಕಾಲಿಡಲು ಜಾಗವಿಲ್ಲ. ಸೋಮವಾರ ರಜೆ. ಇಳಿತದ ಹೊತ್ತಿನಲ್ಲಿ ಥೇಮ್ಸ್‌ನ ಮರಳು, ಕಲ್ಲುಗಳೆಲ್ಲ ಮೇಲೆ ಬರುತ್ತವೆ. ಹಳೆಯ ಮಡಕೆ ಚೂರು ಕಂಡಿತು ಅಂತ ಎತ್ತಿಕೊಳ್ಳಬೇಡಿ, ಅದಕ್ಕೆ ಪರವಾನಗಿ ಬೇಕು.

ಕಾಲು ನೋಯುತ್ತಿದ್ದರೆ ಮಾರ್ಕೆಟ್ ಪಕ್ಕದ ಸದರ್ಕ್ ಕೆಥೀಡ್ರಲ್ ಎಂಬ ಚರ್ಚಿಗೆ ಹೋಗಿ ಕೂತುಕೊಳ್ಳಿ. ಪ್ರವೇಶ ಉಚಿತ, ಒಳಗೆ ತಂಪು. ಶೇಕ್ಸ್‌ಪಿಯರ್‌ನ ತಮ್ಮ ಎಡ್ಮಂಡ್‌ನನ್ನು 1607ರಲ್ಲಿ ಮಣ್ಣು ಮಾಡಿದ್ದು ಇಲ್ಲಿ. ಅವನೂ ನಟನೇ.

ಇನ್ನು ಗ್ಲೋಬ್ ವಿಷಯ. ಮೂಲ ಗ್ಲೋಬ್ ರಂಗಮಂದಿರ 1613ರಲ್ಲಿ ಸುಟ್ಟುಹೋಯಿತು. ನಾಟಕದ ನಡುವೆ ಹಾರಿಸಿದ ತೋಪಿನ ಕಿಡಿ ಹುಲ್ಲಿನ ಮಾಡಿಗೆ ತಾಗಿತ್ತು. ಈಗಿನದು ಅದರ ಹತ್ತಿರವೇ ಓಕ್ ಮರದಲ್ಲಿ ಕಟ್ಟಿ 1997ರಲ್ಲಿ ತೆರೆದದ್ದು. ಇದಕ್ಕಾಗಿ ವರ್ಷಗಟ್ಟಲೆ ದುಡಿದವರು ಅಮೆರಿಕದ ನಟ ಸ್ಯಾಮ್ ವಾನಮೇಕರ್. ತೆರೆಯುವ ಮೊದಲೇ, 1993ರಲ್ಲಿ ತೀರಿಕೊಂಡರು. 1666ರ ದೊಡ್ಡ ಬೆಂಕಿಯ ನಂತರ ಲಂಡನ್‌ನಲ್ಲಿ ಹುಲ್ಲಿನ ಮಾಡಿಗೆ ಅನುಮತಿ ಸಿಕ್ಕಿದ್ದು ಇದಕ್ಕೇ ಮೊದಲು.

ಸುತ್ತ ಮೂರು ಅಂತಸ್ತಿನಲ್ಲಿ ಬೆಂಚುಗಳು. ನಡುವೆ ಛಾವಣಿ ಇಲ್ಲದ ಅಂಗಳ, ಅಲ್ಲಿ ಸುಮಾರು 700 ಜನ ನಿಂತು ನೋಡಬಹುದು. ನಾವು ಹೋದಾಗ ನಿಲ್ಲುವ ಟಿಕೆಟ್ 5 ಪೌಂಡಿನಿಂದ ಶುರುವಾಗುತ್ತಿತ್ತು. ಅಂಗಳದಲ್ಲಿ ಕೂರುವಂತಿಲ್ಲ. ಮಳೆ ಬಂದರೂ ಆಟ ನಿಲ್ಲುವುದಿಲ್ಲ, ಕೊಡೆ ಬಿಚ್ಚುವಂತಿಲ್ಲ. ಟೋಪಿ ಇರುವ ರೇನ್‌ಕೋಟ್ ಇಟ್ಟುಕೊಳ್ಳಿ.

ಅದಕ್ಕೂ ಹಿಂದಿನ ವರ್ಷ ಅತ್ತೆ ಬಂದಾಗ ಎಲ್ಲರಿಗೂ ನಿಲ್ಲುವ ಟಿಕೆಟ್ಟನ್ನೇ ತೆಗೆದಿದ್ದೆ. ಒಂದು ಗಂಟೆಗೆ ಅವರ ಮೊಣಕಾಲು ಸೋತಿತು. ಉಳಿದ ನಾಟಕವನ್ನು ಹೊರಗೆ ಕೂತು ಕಳೆದರು, ಒಳಗೆ ನನಗೂ ಮನಸ್ಸು ನಿಲ್ಲಲಿಲ್ಲ. ಹಾಗಾಗಿ ಈ ಸಲ ಅಮ್ಮನಿಗೆ, ನನ್ನ ಹೆಂಡತಿಗೆ ಬೆಂಚು, ನಾನು ಅಪ್ಪಯ್ಯ ಅಂಗಳ. ಬೆಂಚು ಬರೀ ಮರದ್ದು, ದಿಂಬು ಬಾಡಿಗೆಗೆ ಸಿಗುತ್ತದೆ, ತಪ್ಪದೆ ತಗೊಳ್ಳಿ. ವೇದಿಕೆಯ ಮೇಲೆ ಎರಡು ದೊಡ್ಡ ಕಂಬಗಳಿವೆ, ಅವು ಅಡ್ಡ ಬರದ ಜಾಗ ಆರಿಸಿ.

ನಿಲ್ಲಲು ಆಗುವವರಾದರೆ ನಿಂತೇ ನೋಡಬೇಕು. ಬೇಗ ಹೋದರೆ ವೇದಿಕೆಯ ಅಂಚಿಗೇ ಮೊಣಕೈ ಊರಿ ನಿಲ್ಲಬಹುದು. ಪ್ರೇಕ್ಷಕರ ಕಡೆ ಕತ್ತಲೆ ಮಾಡುವುದಿಲ್ಲ. ಪಾತ್ರಧಾರಿ ನಿಮ್ಮ ಕಣ್ಣು ನೋಡಿಯೇ ಮಾತಾಡುತ್ತಾನೆ, ಕೆಲವೊಮ್ಮೆ ಜನರ ನಡುವಿನಿಂದಲೇ ದಾರಿ ಮಾಡಿಕೊಂಡು ಬರುತ್ತಾನೆ. ಹಳೆಯ ಇಂಗ್ಲಿಷ್ ಅರ್ಥವಾಗುತ್ತದಾ ಅಂತ ಹೆದರಬೇಡಿ. ಹಿಂದಿನ ರಾತ್ರಿ ಅಪ್ಪಯ್ಯನಿಗೆ ಕಥೆ ಹೇಳಿದ್ದೆ, ಅಷ್ಟು ಸಾಕಾಯಿತು. ಗದ್ದೆಯಲ್ಲಿ ರಾತ್ರಿಯಿಡೀ ಯಕ್ಷಗಾನ ಮೇಳದ ಆಟ ನೋಡಿ ಬೆಳೆದವರು ಅವರು. ಹಾಸ್ಯಗಾರ ಬಂದ ಕೂಡಲೇ ಗುರುತು ಹಿಡಿದರು. "ಇದ್ ಬಯಲಾಟವೇ ಅಲ್ದಾ?" ಅಂತ ನನ್ನ ಕಿವಿಯಲ್ಲಿ ಹೇಳಿದರು.

ನಾಟಕ ಮುಗಿದ ಮೇಲೆ ಎದ್ದು ಹೊರಡಬೇಡಿ. ಸತ್ತವರು, ಬದುಕಿದವರು ಎಲ್ಲ ಪಾತ್ರಗಳೂ ಒಟ್ಟಿಗೆ ಬಂದು ಕುಣಿಯುವ ಪದ್ಧತಿ ಇಲ್ಲಿದೆ. ಇಡೀ ಅಂಗಳವೇ ಚಪ್ಪಾಳೆಯಲ್ಲಿ ತಾಳ ಹಾಕುತ್ತದೆ. ಅಪ್ಪಯ್ಯನೂ ಹಾಕಿದರು, ಮೂರು ಗಂಟೆ ನಿಂತದ್ದು ಮರೆತೇ ಹೋಗಿತ್ತು.

ಹೊರಗೆ ಬಂದಾಗ ಕತ್ತಲಾಗಿತ್ತು. ಪಕ್ಕದ ಮಿಲೇನಿಯಮ್ ಸೇತುವೆ ನಡೆಯುವವರಿಗೆ ಮಾತ್ರ, ಎದುರಿಗೇ ಸೇಂಟ್ ಪಾಲ್ಸ್ ಚರ್ಚಿನ ಗುಮ್ಮಟ. ಕೊನೆಯ ರೈಲಿನ ಸಮಯ ಮೊದಲೇ ನೋಡಿಟ್ಟುಕೊಂಡಿದ್ದರಿಂದ ಸೇತುವೆಯ ಮೇಲೆ ನಿಲ್ಲಲು ಹೊತ್ತಿತ್ತು. ಅಮ್ಮ ನದಿ ನೋಡುತ್ತಿದ್ದರು. ಅಪ್ಪಯ್ಯ ಮಾತ್ರ ಗ್ಲೋಬ್ ಕಡೆಗೇ ತಿರುಗಿ ಕೇಳಿದರು: "ನಾಳೆ ಎಂತ ಆಟ?"