ಮೂರು ಸಾವಿರ ಪತ್ರ, ಒಂದು ಸಹಿ

2019ರ ಜೂನ್ 30, ಭಾನುವಾರ. ಡಾಟ್ ಆರ್ಗ್ ಎಂದು ಕೊನೆಗೊಳ್ಳುವ ಜಾಲತಾಣದ ಹೆಸರುಗಳನ್ನು ನಡೆಸುವ ಸಂಸ್ಥೆ, ಅಂದರೆ ರಿಜಿಸ್ಟ್ರಿಯೊಂದಿಗೆ, ಅಂತರ್ಜಾಲದ ಹೆಸರುಗಳ ವ್ಯವಸ್ಥೆಯನ್ನು ನೋಡಿಕೊಳ್ಳುವ ಐಕ್ಯಾನ್ ಮಾಡಿಕೊಂಡ ಒಪ್ಪಂದ ಅಂದು ನವೀಕರಣವಾಯಿತು. ಒಂದೊಂದು ಹೆಸರಿಗೆ ರಿಜಿಸ್ಟ್ರಿ ಪಡೆಯುವ ಸಗಟು ಬೆಲೆ ವರ್ಷಕ್ಕೆ ಶೇ 10ಕ್ಕಿಂತ ಹೆಚ್ಚು ಏರಬಾರದೆಂದು ಹಳೆಯ ಒಪ್ಪಂದದಲ್ಲಿತ್ತು. ಹೊಸದರಲ್ಲಿ ಆ ಷರತ್ತೇ ಇರಲಿಲ್ಲ. ಮಾರ್ಚ್ 18ರಿಂದ ಏಪ್ರಿಲ್ 29ರವರೆಗೆ ಕರಡಿನ ಬಗ್ಗೆ ಸಾರ್ವಜನಿಕರ ಅಭಿಪ್ರಾಯ ಕೇಳಿದ್ದರು. ಮೂರು ಸಾವಿರಕ್ಕೂ ಹೆಚ್ಚು ಪತ್ರಗಳು ಬಂದವು. ಹೆಚ್ಚಿನವರು ಹೇಳಿದ್ದು ಒಂದೇ: ಮಿತಿ ತೆಗೆಯಬೇಡಿ. ತೆಗೆದರು.

ಕರಡನ್ನು ಸಾಲು ಸಾಲಾಗಿ ಓದಿ ಪತ್ರ ಬರೆದವರಿಗೆ ಅದು ನುಂಗಲಾರದ ತುತ್ತು. ಆದರೆ ಎಡವಿದ್ದು ಎಲ್ಲಿ ಎಂಬುದನ್ನು ನೋಡಲೇಬೇಕು. ಅಭಿಪ್ರಾಯ ಸಂಗ್ರಹ ಮತದಾನವಲ್ಲ. ಗಡುವು ಮುಗಿದ ಮೇಲೆ ಸಿಬ್ಬಂದಿ ಪತ್ರಗಳನ್ನು ವಿಷಯವಾರು ವಿಂಗಡಿಸಿ ಸಾರಾಂಶ ವರದಿ ಬರೆಯುತ್ತಾರೆ. ಒಂದೇ ಮಾದರಿಯ ಸಾವಿರ ಪತ್ರ ಬಂದರೂ ಅಲ್ಲಿ ಅದಕ್ಕೆ ಒಂದು ಪ್ಯಾರಾ. ಅದನ್ನು ಮೀರಿ ನಿಲ್ಲುವ ಪತ್ರಕ್ಕೆ ಮೂರು ಅಂಗ ಬೇಕು: ಕರಡಿನ ಯಾವ ಕಲಮು, ಅದು ಐಕ್ಯಾನ್‌ನ ಸ್ವಂತ ನಿಯಮಾವಳಿಯಾದ ಬೈಲಾದ ಯಾವ ವಿಧಿಗೆ ವಿರುದ್ಧ, ಅದರ ಜಾಗದಲ್ಲಿ ಯಾವ ವಾಕ್ಯ ಇರಬೇಕು. ಕೊನೆಯದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಬೇಡ ಎಂದಷ್ಟೇ ಬರೆದ ಪತ್ರಕ್ಕೆ ‘ಗಮನಿಸಲಾಗಿದೆ’ ಎಂಬ ಉತ್ತರ ಸುಲಭ. ಬದಲಿ ವಾಕ್ಯ ಕೊಟ್ಟರೆ ಅದನ್ನು ಅಷ್ಟು ಸುಲಭವಾಗಿ ತಳ್ಳಿಹಾಕಲಾಗದು.

ಮುಂದಿನ ಬಾಗಿಲು ಮರುಪರಿಶೀಲನೆಯ ಅರ್ಜಿ. ಅದಕ್ಕೆ ಸಿಗುವುದು 30 ದಿನ. ತಡವಾದರೆ ವಾದ ಎಷ್ಟೇ ಗಟ್ಟಿಯಿದ್ದರೂ ಪ್ರಯೋಜನವಿಲ್ಲ. ಜನರಿಗೆ ಹೆಸರುಗಳನ್ನು ಮಾರುವ ನೇಮ್‌ಚೀಪ್ ಎಂಬ ರಿಜಿಸ್ಟ್ರಾರ್ ಕಂಪನಿ ಆ ಅರ್ಜಿ ಹಾಕಿತು, ತಿರಸ್ಕೃತವಾಯಿತು. 2020ರಲ್ಲಿ ಅದೇ ಸಂಸ್ಥೆ ಸ್ವತಂತ್ರ ಪರಿಶೀಲನಾ ಪೀಠಕ್ಕೆ ಹೋಯಿತು. ಬೆಲೆಮಿತಿ ತೆಗೆದ ರೀತಿ ಐಕ್ಯಾನ್‌ನ ಬೈಲಾಗೆ ತಕ್ಕಂತಿರಲಿಲ್ಲ, ನಿರ್ಧಾರವನ್ನು ಪಾರದರ್ಶಕವಾಗಿ ಕೈಗೊಳ್ಳಲಿಲ್ಲ ಎಂದು 2022ರ ಡಿಸೆಂಬರ್‌ನಲ್ಲಿ ಪೀಠ ಹೇಳಿತು. ಸಹಿ ಬಿದ್ದು ಅಷ್ಟರಲ್ಲಿ ಮೂರೂವರೆ ವರ್ಷ. ಇಷ್ಟು ನಿಧಾನವಾದ ನ್ಯಾಯವನ್ನು ಹೊಣೆಗಾರಿಕೆ ಎಂದು ಕರೆಯಲು ಮನಸ್ಸು ಬರುವುದಿಲ್ಲ.

ಈ ನಡುವೆ ಇನ್ನೊಂದು ಆಘಾತ. 2019ರ ನವೆಂಬರ್ 13ರಂದು ರಿಜಿಸ್ಟ್ರಿಯನ್ನೇ ಎಥೋಸ್ ಕ್ಯಾಪಿಟಲ್ ಎಂಬ ಹೂಡಿಕೆ ಕಂಪನಿಗೆ ಮಾರುವ ಸುದ್ದಿ ಹೊರಬಿತ್ತು. ಬೆಲೆ 113.5 ಕೋಟಿ ಡಾಲರ್. ಈ ಸಲ ಜನರ ಕೂಗಿಗೆ ಹಿಡಿತ ಸಿಕ್ಕಿತು. ಒಡೆತನದ ನಿಯಂತ್ರಣ ಬದಲಾಗಬೇಕಾದರೆ ಐಕ್ಯಾನ್ ಒಪ್ಪಿಗೆ ಬೇಕು ಎಂಬ ಕಲಮು ಒಪ್ಪಂದದಲ್ಲೇ ಇತ್ತು. ಹಾಗಾಗಿ ಐಕ್ಯಾನ್‌ನ ಆಡಳಿತ ಮಂಡಳಿ ಸುಮ್ಮನಿರುವಂತಿರಲಿಲ್ಲ, ಹೌದು ಅಥವಾ ಇಲ್ಲ ಎನ್ನಲೇಬೇಕಿತ್ತು. 2020ರ ಜನವರಿ 24ರಂದು ಐಕ್ಯಾನ್‌ನ ಲಾಸ್ ಏಂಜಲೀಸ್ ಕಚೇರಿಯೆದುರು ಪ್ರತಿಭಟನೆ ನಡೆಯಿತು. ಐಕ್ಯಾನ್ ಕ್ಯಾಲಿಫೋರ್ನಿಯಾದಲ್ಲಿ ನೋಂದಾಯಿತವಾದ ಲಾಭರಹಿತ ಸಂಸ್ಥೆ. ಅಲ್ಲಿನ ಅಟಾರ್ನಿ ಜನರಲ್ ಏಪ್ರಿಲ್ 15ರಂದು ಒಪ್ಪಿಗೆ ಕೊಡಬೇಡಿ ಎಂದು ಬರೆದರು. ಏಪ್ರಿಲ್ 30ರಂದು ಮಂಡಳಿ ನಿರಾಕರಿಸಿ, ಕಾರಣಗಳನ್ನೂ ಪ್ರಕಟಿಸಿತು. ರಿಜಿಸ್ಟ್ರಿಯ ತಲೆಗೆ ಬೀಳಲಿದ್ದ 36 ಕೋಟಿ ಡಾಲರ್ ಸಾಲ ಅವುಗಳಲ್ಲೊಂದು.

2016ರ ಅಕ್ಟೋಬರ್ 1ರಂದು ಐಕ್ಯಾನ್ ಮೇಲಿನ ಅಮೆರಿಕ ಸರ್ಕಾರದ ಉಸ್ತುವಾರಿ ಕೊನೆಗೊಂಡಾಗ ಅದರ ಸ್ಥಾನ ತುಂಬಲು ‘ಅಧಿಕಾರಯುತ ಸಮುದಾಯ’ವನ್ನು ರಚಿಸಿದ್ದರಲ್ಲ, ಅದೇನು ಮಾಡಿತು ಎಂದು ಅನೇಕರು ಕೇಳುತ್ತಾರೆ. ಐದು ಗುಂಪುಗಳ ಆ ಕೂಟ ಬಜೆಟ್ ತಿರಸ್ಕರಿಸಬಲ್ಲದು, ಇಡೀ ಮಂಡಳಿಯನ್ನೇ ಇಳಿಸಬಲ್ಲದು. ರಿಜಿಸ್ಟ್ರಿ ಒಪ್ಪಂದಗಳನ್ನು ತಡೆಯುವ ಅಧಿಕಾರ ಮಾತ್ರ ಅದರ ಪಟ್ಟಿಯಲ್ಲಿಲ್ಲ. ಜನರ ಜೇಬಿಗೆ ನೇರವಾಗಿ ತಟ್ಟುವ ವಿಷಯವೇ ಹೊರಗುಳಿದಿದೆ. ನಮ್ಮ ದೃಷ್ಟಿಯಲ್ಲಿ ಇದೇ ದೊಡ್ಡ ತೂತು.

ಈಗಿನ ಡಾಟ್ ಆರ್ಗ್ ಒಪ್ಪಂದ ಹತ್ತು ವರ್ಷದ್ದು; 2029ರ ಜೂನ್ 30ಕ್ಕೆ ಮುಗಿಯುತ್ತದೆ. ಕಳೆದ ಸಲ ಕರಡು ಹೊರಬಂದದ್ದು ಮೂರೂವರೆ ತಿಂಗಳು ಮೊದಲು. ಬೆಲೆಮಿತಿಯ ಕಲಮನ್ನು ಬದಲಿ ವಾಕ್ಯದ ಸಮೇತ 2028ರ ಕೊನೆಯೊಳಗೆ ಬರೆದಿಟ್ಟುಕೊಂಡರೆ ಅಭಿಪ್ರಾಯದ ಗಡುವಿಗೆ ಅದು ಕೈಯಲ್ಲಿರುತ್ತದೆ.