ಪಟ್ಟಿಯಲ್ಲಿದ್ದವರು, ಊರಲ್ಲಿಲ್ಲದವರು

ಲೋಕಸಭಾ ಚುನಾವಣೆಯ ಮತದಾನದ ಹಿಂದಿನ ದಿನ, 2024ರ ಮೇ 6ರಂದು, ಮತಗಟ್ಟೆ ಸಿಬ್ಬಂದಿಗೆ ಸಾಮಗ್ರಿ ಹಂಚುವ ದೇವದುರ್ಗದ ಮಸ್ಟರಿಂಗ್ ಕೇಂದ್ರದಲ್ಲಿ ಮತಯಂತ್ರಗಳ ಜೊತೆಗೆ ನನ್ನ ಕೈಗೆ ಬಂದ ಕಾಗದಪತ್ರಗಳ ಕಟ್ಟಿನಲ್ಲಿ ಮೂರು ಹಾಳೆಗಳ ಒಂದು ಪಟ್ಟಿಯಿತ್ತು. ಚುನಾವಣಾ ಕೆಲಸ ಮಾಡಿದವರೆಲ್ಲ ಅದನ್ನು ಎಎಸ್‌ಡಿ ಪಟ್ಟಿ ಎಂದೇ ಕರೆಯುತ್ತಾರೆ. ಮತಗಟ್ಟೆ ಮಟ್ಟದ ಅಧಿಕಾರಿ ಮನೆಮನೆಗೆ ಹೋದಾಗ ಸಿಗದೆ ಇದ್ದವರು, ಊರು ಬಿಟ್ಟು ಬೇರೆಡೆಗೆ ಹೋದವರು ಮತ್ತು ತೀರಿಕೊಂಡವರು, ಈ ಮೂರೂ ಬಗೆಯ ಮತದಾರರ ಹೆಸರುಗಳು ಅದರಲ್ಲಿರುತ್ತವೆ. ಮತಗಟ್ಟೆಯ ಅಧ್ಯಕ್ಷಾಧಿಕಾರಿಯಾಗಿ ಹಿಂದಿನ ವಿಧಾನಸಭಾ ಚುನಾವಣೆಯಲ್ಲಿಯೂ ಆ ಪಟ್ಟಿಯನ್ನು ನೋಡಿದ್ದೆನಾದರೂ ಅಂದು ಅದು ಅರ್ಧ ಹಾಳೆಯಷ್ಟಿತ್ತು. ಈ ಸಲ ಮೂರು ಹಾಳೆ ಯಾಕೆ ಎಂದು ಯಾರನ್ನೂ ಕೇಳಬೇಕಾಗಿರಲಿಲ್ಲ. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದ ವರ್ಷ ಅದು. ರಾಯಚೂರು ಜಿಲ್ಲೆಯ ಒಣಬೇಸಾಯದ ಊರುಗಳಲ್ಲಿ ಮಳೆ ಕೈಕೊಟ್ಟರೆ ಜನ ಬಾಗಿಲಿಗೆ ಬೀಗ ಹಾಕಿ ಗುಳೆ ಹೋಗುತ್ತಾರೆ.

ನಮ್ಮ ತಂಡ ಸಾರಿಗೆ ಸಂಸ್ಥೆಯ ಬಸ್ಸಿನಲ್ಲಿ ನಮ್ಮ ಮತಗಟ್ಟೆಯಿದ್ದ ಹಳ್ಳಿಯ ಶಾಲೆಯನ್ನು ತಲುಪಿದಾಗ ಸಂಜೆಯಾಗಿತ್ತು. ಬಸ್ಸಿನಿಂದ ಪೆಟ್ಟಿಗೆಗಳನ್ನು ಇಳಿಸುವಾಗಲೇ ಎದುರಿನ ಓಣಿಯಲ್ಲಿ ಸಾಲಾಗಿ ನಾಲ್ಕೈದು ಮನೆಗಳಿಗೆ ಬೀಗ ಬಿದ್ದಿರುವುದು ಕಾಣುತ್ತಿತ್ತು. ಒಂದು ಮನೆಯ ಕಟ್ಟೆಯ ಮೇಲೆ ಮುದುಕಿಯೊಬ್ಬಳು ಮೂರು ಮಕ್ಕಳಿಗೆ ಒಂದೇ ತಟ್ಟೆಯಲ್ಲಿ ಅನ್ನ ಕಲಸಿ ತುತ್ತು ಕೊಡುತ್ತಿದ್ದಳು. ಮಕ್ಕಳ ಅಪ್ಪ ಅವ್ವ ಬೆಂಗಳೂರಿನಲ್ಲಿದ್ದಾರೆಂದು ಅಡುಗೆಯ ವ್ಯವಸ್ಥೆ ನೋಡಿಕೊಳ್ಳುತ್ತಿದ್ದ ಬಿಸಿಯೂಟದ ಅಕ್ಕ ಹೇಳಿದರು. ರಾತ್ರಿ ಕೋಣೆಯಲ್ಲಿ ಮಲಗಲಾಗದಷ್ಟು ಸೆಕೆಯಿತ್ತು. ನಮೂನೆಗಳನ್ನೆಲ್ಲ ಭರ್ತಿ ಮಾಡಿಟ್ಟು, ಯಂತ್ರಗಳ ಪಕ್ಕದಲ್ಲಿಯೇ ಜಮಖಾನೆ ಹಾಸಿಕೊಂಡು ಹೊರಳಾಡಿ ಬೆಳಗು ಮಾಡಿದೆವು.

ಬೆಳಿಗ್ಗೆ ಐದೂವರೆಗೆ ಪಕ್ಷಗಳ ಏಜೆಂಟರ ಎದುರು ಅಣಕು ಮತದಾನ ಆರಂಭಿಸಿದೆವು. ಕನಿಷ್ಠ 50 ಮತಗಳನ್ನು ಹಾಕಿ, ಮತಗಳ ಲೆಕ್ಕವಿಡುವ ಕಂಟ್ರೋಲ್ ಯೂನಿಟ್ಟಿನ ಅಂಕಿಯನ್ನು, ಯಾರಿಗೆ ಮತ ಬಿತ್ತೆಂದು ಚೀಟಿಯಲ್ಲಿ ಮುದ್ರಿಸುವ ವಿವಿಪ್ಯಾಟ್‌ನ ಚೀಟಿಗಳೊಂದಿಗೆ ಒಂದೊಂದಾಗಿ ತಾಳೆ ನೋಡಿ, ಯಂತ್ರದಲ್ಲಿದ್ದುದನ್ನು ಅಳಿಸಿ, ಆ ಚೀಟಿಗಳಿಗೆ ಮುದ್ರೆ ಒತ್ತಿ ಕಪ್ಪು ಲಕೋಟೆಯಲ್ಲಿ ಸೀಲು ಮಾಡಬೇಕು. ಒಂದು ಮತವೂ ಹೆಚ್ಚುಕಡಿಮೆಯಾಗಬಾರದೆಂಬ ಈ ಕಟ್ಟುನಿಟ್ಟನ್ನು ನಾನು ಮನಸಾರೆ ಗೌರವಿಸುತ್ತೇನೆ. ಹಸಿರು ಕಾಗದದ ಸೀಲಿನ ಮೇಲೆ ಸಹಿ ಹಾಕುವಾಗ ನನ್ನ ಕೈ ಪ್ರತಿ ಸಲವೂ ಸ್ವಲ್ಪ ನಡುಗುತ್ತದೆ. ಏಳು ಗಂಟೆಗೆ ಮೊದಲ ಬೀಪ್ ಕೇಳಿದಾಗ ಹೊರಗೆ ಆಗಲೇ ಉದ್ದನೆಯ ಸಾಲಿತ್ತು. ಬಿಸಿಲೇರುವ ಮುಂಚೆ ಮತ ಹಾಕಿ ಹೋಗಬೇಕೆಂದು ವಯಸ್ಸಾದವರೆಲ್ಲ ಮೊದಲೇ ಬಂದಿದ್ದರು.

ಆ ಸಾಲಿನಲ್ಲಿ ಹತ್ತನೆಯವರೋ ಹನ್ನೊಂದನೆಯವರೋ ಆಗಿದ್ದ ಅಜ್ಜ ಒಳಗೆ ಬಂದು ಒಂದರ ಬದಲು ಮೂರು ಮತದಾರರ ಚೀಟಿಗಳನ್ನು ಮೇಜಿನ ಮೇಲಿಟ್ಟರು. ಒಂದು ಅವರದು, ಉಳಿದೆರಡು ಹಿರಿಯ ಮಗ ಮತ್ತು ಹಿರಿಯ ಸೊಸೆಯವು. ಮಡಿಕೆ ಬೀಳದಂತೆ ಅವನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು ಬಂದಿದ್ದರು.

"ಮಗ ಸೊಸಿ ಬೆಂಗಳೂರಿಗೆ ದುಡಿಯಾಕ ಹೋಗ್ಯಾರ್ರಿ ಸರ. ಅವರ ಓಟೂ ನಾನೇ ಹಾಕಿ ಹೋಗ್ಲೇನ್ರಿ?"

"ಹಂಗ ಬರಂಗಿಲ್ಲ ಅಜ್ಜಾ. ಅವರೇ ಬಂದು ಹಾಕಬೇಕು" ಎಂದೆ. ಅಜ್ಜ ವಾದ ಮಾಡಲಿಲ್ಲ. ಎರಡು ಚೀಟಿಗಳನ್ನು ಮತ್ತೆ ಕವರಿನೊಳಗೆ ಇಟ್ಟುಕೊಂಡು, ತಮ್ಮ ಮತ ಹಾಕಿ, ಶಾಯಿ ಹಚ್ಚಿದ ಬೆರಳನ್ನು ಇತರ ಬೆರಳುಗಳಿಂದ ದೂರ ಹಿಡಿದುಕೊಂಡು ಹೊರಗೆ ಹೋದರು.

ಅಜ್ಜನ ಪ್ರಶ್ನೆ ಕೇಳಿ ನಮ್ಮ ಸಿಬ್ಬಂದಿಯೊಬ್ಬರು ನಕ್ಕರು. ನನಗೆ ನಗು ಬರಲಿಲ್ಲ, ಯಾಕೆಂದರೆ ಅದು ಅಷ್ಟು ಅಸಂಬದ್ಧವಾದ ಪ್ರಶ್ನೆಯಲ್ಲ. ಸೇನೆಯಲ್ಲಿರುವವರು ತಮ್ಮ ಊರಿನಲ್ಲಿ ಒಬ್ಬರನ್ನು ನೇಮಿಸಿ ಅವರ ಮೂಲಕ ಮತ ಹಾಕಿಸಬಹುದೆಂಬ ಅವಕಾಶ 2003ರಿಂದ ಇದೆ. 85 ವರ್ಷ ದಾಟಿದವರ ಮನೆಗೇ ಹೋಗಿ ಮತ ಪಡೆಯುವ ವ್ಯವಸ್ಥೆ ಈ ಚುನಾವಣೆಯಲ್ಲಿತ್ತು. ನನ್ನ ಹೆಸರು ಮಾನ್ವಿಯ ಮತಗಟ್ಟೆಯೊಂದರಲ್ಲಿದ್ದರೂ, ಚುನಾವಣಾ ಕರ್ತವ್ಯದ ಪ್ರಮಾಣಪತ್ರ ಕೈಯಲ್ಲಿದ್ದುದರಿಂದ, ದೇವದುರ್ಗದ ಈ ಹಳ್ಳಿಯಲ್ಲಿ ಅದೇ ದಿನ ನಾನು ಮತ ಹಾಕಿದೆ. ಎರಡೂ ರಾಯಚೂರು ಲೋಕಸಭಾ ಕ್ಷೇತ್ರದೊಳಗೇ ಇವೆ, ಆದ್ದರಿಂದ ಕಾನೂನು ಅದನ್ನು ಒಪ್ಪುತ್ತದೆ. ಕೆಲಸಕ್ಕಾಗಿ ಊರು ಬಿಟ್ಟವನು ನಾನು, ಕೆಲಸಕ್ಕಾಗಿ ಊರು ಬಿಟ್ಟವನು ಅಜ್ಜನ ಮಗ. ನನ್ನ ಮತವನ್ನು ಉಳಿಸಿಕೊಡಲು ಒಂದು ನಮೂನೆಯಿತ್ತು, ಅವನಿಗೆ ಇರಲಿಲ್ಲ.

ಈ ಸಲ ಇನ್ನೊಂದು ತೊಡಕೂ ಇತ್ತು. ಕರ್ನಾಟಕದ 28 ಕ್ಷೇತ್ರಗಳಿಗೆ ಎರಡು ಹಂತಗಳಲ್ಲಿ ಮತದಾನ ನಡೆಯಿತು. ಬೆಂಗಳೂರೂ ಸೇರಿದಂತೆ ದಕ್ಷಿಣದ 14 ಕ್ಷೇತ್ರಗಳಿಗೆ ಏಪ್ರಿಲ್ 26, ನಮ್ಮ ಕಡೆಯ 14 ಕ್ಷೇತ್ರಗಳಿಗೆ ಮೇ 7. ಬೆಂಗಳೂರಿನಲ್ಲಿ ಗಾರೆ ಕೆಲಸ ಮಾಡುವ ದೇವದುರ್ಗದ ಕೂಲಿಕಾರನಿಗೆ ಮತದಾನದ ರಜೆ ಸಿಕ್ಕಿದ್ದರೆ ಅದು ಏಪ್ರಿಲ್ 26ರಂದು, ತನ್ನ ಊರಿನಲ್ಲಿ ಮತದಾನವಿಲ್ಲದ ದಿನ. ಅವನ ಊರು ಮತ ಹಾಕುವ ಮೇ 7ರ ಮಂಗಳವಾರ ಬೆಂಗಳೂರಿನಲ್ಲಿ ಎಂದಿನಂತೆ ಕೆಲಸ ನಡೆಯುತ್ತಿತ್ತು. ಪ್ರಜಾಪ್ರತಿನಿಧಿ ಕಾಯ್ದೆಯ 135ಬಿ ಕಲಂ ದಿನಗೂಲಿಯವರಿಗೂ ಮತದಾನದ ದಿನ ಸಂಬಳ ಸಹಿತ ರಜೆ ಕೊಡಬೇಕೆನ್ನುತ್ತದೆ. ಆದರೆ ಮೇಸ್ತ್ರಿಯ ನೋಟ್‌ಬುಕ್ಕಿನಲ್ಲಿ ಬಂದ ದಿನಕ್ಕೆ ಒಂದು ಗೀಟು, ಬಾರದ ದಿನಕ್ಕೆ ಖಾಲಿ ಜಾಗ. ಹೋಗಲು ಒಂದು ರಾತ್ರಿ, ಬರಲು ಒಂದು ರಾತ್ರಿ, ನಡುವೆ ಒಂದು ಹಗಲು ಎಂದರೆ ಒಂದೆರಡು ದಿನದ ಕೂಲಿ ಹೋಗುತ್ತದೆ. ಅದರ ಮೇಲೆ ಬಸ್ಸಿನ ಖರ್ಚು.

ಹನ್ನೆರಡರ ಹೊತ್ತಿಗೆ ಬಿಸಿಲು 40 ಡಿಗ್ರಿ ದಾಟಿದ ಹಾಗಿತ್ತು. ಶಾಮಿಯಾನದ ಕೆಳಗೆ ಯಾರೂ ಇರಲಿಲ್ಲ. ಏಜೆಂಟರು ಗೋಡೆಗೆ ಒರಗಿ ತೂಕಡಿಸುತ್ತಿದ್ದರು. ಆಗ ಅಜ್ಜ ಮತ್ತೆ ಬಂದರು, ಜೊತೆಯಲ್ಲಿ ಇಪ್ಪತ್ತೈದರ ಆಸುಪಾಸಿನ ಹೆಣ್ಣುಮಗಳು. ಕಿರಿಯ ಸೊಸೆ. ರಾತ್ರಿ ಬೆಂಗಳೂರಿನಲ್ಲಿ ಬಸ್ಸು ಹತ್ತಿ ಈಗಷ್ಟೇ ಬಂದಿಳಿದಿದ್ದಳು. ಶಕ್ತಿ ಯೋಜನೆಯಿಂದಾಗಿ ಅವಳಿಗೆ ಟಿಕೆಟ್ ಖರ್ಚಿರಲಿಲ್ಲ, ಗಂಡನಿಗೆ ಇರುತ್ತಿತ್ತು. ಹಾಗಾಗಿ ಅವನು ಕೆಲಸದಲ್ಲಿ ಉಳಿದು ಇವಳೊಬ್ಬಳೇ ಬಂದಿದ್ದಳು.

ನಮ್ಮ ಮೊದಲನೆಯ ಅಧಿಕಾರಿ ಅವಳ ಹೆಸರನ್ನು ಮತದಾರರ ಪಟ್ಟಿಯಲ್ಲಿ ಹುಡುಕಿ, ಅದರ ಮುಂದಿದ್ದ ಗುರುತು ನೋಡಿ, ನನ್ನ ಕಡೆ ತಿರುಗಿದರು. ನಾನು ಆ ಮೂರು ಹಾಳೆಗಳನ್ನು ತೆಗೆದೆ. ಎರಡನೆಯ ಹಾಳೆಯಲ್ಲಿ ಒಂದೇ ಮನೆಯ ಸಂಖ್ಯೆಗೆ ಮೂರು ಹೆಸರುಗಳಿದ್ದವು. ಮೊದಲನೆಯದು ಅಜ್ಜನ ಹೆಂಡತಿಯದು, ತೀರಿಕೊಂಡವರು. ಅದರ ಕೆಳಗೆ ಕಿರಿಯ ಮಗ. ಅದರ ಕೆಳಗೆ, ನನ್ನ ಮುಂದೆ ಬೆವರು ಒರೆಸಿಕೊಳ್ಳುತ್ತ ನಿಂತಿದ್ದ ಈ ಹೆಣ್ಣುಮಗಳು.

ಎಎಸ್‌ಡಿ ಪಟ್ಟಿಯಲ್ಲಿದ್ದವರಿಗೆ ಮತದ ಹಕ್ಕು ಹೋಗುವುದಿಲ್ಲ. ಆದರೆ ಊರಲ್ಲಿಲ್ಲದವರ ಹೆಸರಿನಲ್ಲಿ ಬೇರೆ ಯಾರೋ ಬಂದು ಮತ ಹಾಕಬಾರದೆಂಬ ಎಚ್ಚರಿಕೆಯಿಂದ ಅವರನ್ನು ವಿಶೇಷವಾಗಿ ಪರಿಶೀಲಿಸಬೇಕು. ಭಾವಚಿತ್ರವಿರುವ ಮೂಲ ದಾಖಲೆಯನ್ನು ಅಧ್ಯಕ್ಷಾಧಿಕಾರಿಯೇ ನೋಡಬೇಕು, ಹೆಸರನ್ನು ಏಜೆಂಟರಿಗೆ ಕೇಳುವಂತೆ ಗಟ್ಟಿಯಾಗಿ ಓದಬೇಕು, ಘೋಷಣೆ ಬರೆಸಿಕೊಳ್ಳಬೇಕು, ರಿಜಿಸ್ಟರಿನಲ್ಲಿ ಸಹಿಯ ಜೊತೆಗೆ ಹೆಬ್ಬೆಟ್ಟನ್ನೂ ಪಡೆಯಬೇಕು. ಕಳ್ಳಮತ ತಡೆಯಲು ಇದು ಅಗತ್ಯವೆಂದು ನಾನು ಇಂದಿಗೂ ನಂಬುತ್ತೇನೆ. ಆದರೆ ಅವಳಿಗೆ ಅದನ್ನು ವಿವರಿಸುವುದು ಸುಲಭವಾಗಿರಲಿಲ್ಲ.

"ಈ ಊರಾಗೇ ಹುಟ್ಟೀನಿ, ಈ ಊರಾಗೇ ಕೊಟ್ಟಾರ. ನಾ ಇಲ್ಲ ಅಂತ ಯಾರು ಬರದಾರ್ರಿ ಸರ?"

ಅವಳ ಬಳಿ ಇದ್ದುದು ಆಧಾರ್ ಕಾರ್ಡಿನ ಝೆರಾಕ್ಸ್ ಮಾತ್ರ. ಬಸ್ಸಿನ ಕಂಡಕ್ಟರ್ ಅದನ್ನೇ ನೋಡಿ ಟಿಕೆಟ್ ಕೊಟ್ಟಿದ್ದರು. ಮೂಲ ಕಾರ್ಡು, ಮತದಾರರ ಗುರುತಿನ ಚೀಟಿ ಎರಡೂ ಬೆಂಗಳೂರಿನ ಶೆಡ್ಡಿನ ಟ್ರಂಕಿನಲ್ಲಿ ಉಳಿದಿದ್ದವು. ಝೆರಾಕ್ಸ್ ನಡೆಯುವುದಿಲ್ಲ ಎಂದಾಗ ಏಜೆಂಟರೊಬ್ಬರು, "ಸರ, ನಮ್ಮ ಓಣಿ ಹುಡುಗಿ, ನಮ್ಮದೇನೂ ತಕರಾರಿಲ್ಲ" ಎಂದರು. ಇನ್ನೊಂದು ಪಕ್ಷದವರೂ ಹೌದೆಂದರು. ಮನಸ್ಸು ಒಪ್ಪುತ್ತಿದ್ದರೂ ನಾನು ಒಪ್ಪಲಿಲ್ಲ. ಬದಲಿಗೆ ಆಯೋಗ ಒಪ್ಪುವ 12 ಪರ್ಯಾಯ ದಾಖಲೆಗಳ ಹಾಳೆಯನ್ನು ತೆಗೆದು ಒಂದೊಂದಾಗಿ ಓದುತ್ತ ಹೋದೆ. ಪಾಸ್‌ಪೋರ್ಟ್, ಚಾಲನಾ ಪರವಾನಗಿ, ಪಾನ್ ಕಾರ್ಡ್, ಪಿಂಚಣಿ ದಾಖಲೆ. ಒಂದಕ್ಕೂ ಅವಳು ತಲೆಯಾಡಿಸಲಿಲ್ಲ. ಉದ್ಯೋಗ ಖಾತ್ರಿಯ ಜಾಬ್ ಕಾರ್ಡ್ ಎಂದಾಗ ಅಜ್ಜ, "ಅದು ಮನ್ಯಾಗ ಐತ್ರಿ" ಎನ್ನುತ್ತ ಆ ಬಿಸಿಲಿನಲ್ಲಿ ಹೊರಟೇಬಿಟ್ಟರು.

ಕಾಲು ಗಂಟೆಯ ನಂತರ ಅವರು ತಂದ ಕಾರ್ಡಿನ ಅಂಚುಗಳು ಸವೆದಿದ್ದವು. ಮೊದಲ ಪುಟದಲ್ಲಿ ಅಂಟಿಸಿದ್ದ ಫೋಟೋದ ಒಂದು ಮೂಲೆಯ ಮೇಲೆ ಪಂಚಾಯಿತಿಯ ದುಂಡನೆಯ ಮೊಹರು ಬಿದ್ದಿತ್ತು. ಇಡೀ ಕುಟುಂಬದ ಫೋಟೋ. ನಡುವೆ ಅಜ್ಜ, ಪಕ್ಕದಲ್ಲಿ ಸೆರಗು ಹೊದ್ದ ಅಜ್ಜಿ, ಹಿಂದೆ ಇಬ್ಬರು ಗಂಡುಮಕ್ಕಳು, ಎರಡೂ ಬದಿಗೆ ಸೊಸೆಯರು. ಕಿರಿಯ ಸೊಸೆಯ ಕೈಯಲ್ಲಿ ಹೊಸ ಬಳೆಗಳಿದ್ದವು. ಬೆಳಗಿನಿಂದ ನನ್ನ ಮೇಜಿನ ಮೇಲೆ ಚೀಟಿಗಳಾಗಿ, ಪಟ್ಟಿಯ ಸಾಲುಗಳಾಗಿ ಹಾದುಹೋಗಿದ್ದ ಆರೂ ಜನ ಅಲ್ಲಿ ಒಟ್ಟಿಗೆ ನಿಂತಿದ್ದರು. ಊರಿನಲ್ಲಿಯೇ ಕೂಲಿ ಕೊಡುವುದಾಗಿ ಹೇಳಿ ಕೊಟ್ಟ ಕಾರ್ಡು ಅದು. ಕೆಲಸದ ದಿನಗಳನ್ನು ಬರೆಯುವ ಪುಟಗಳಲ್ಲಿ ಮೊದಲೆರಡು ತುಂಬಿದ್ದವು, ಉಳಿದವು ಖಾಲಿ.

ಫೋಟೋವನ್ನೂ ಅವಳ ಮುಖವನ್ನೂ ಮತದಾರರ ಪಟ್ಟಿಯಲ್ಲಿದ್ದ ಚಿತ್ರವನ್ನೂ ಹೋಲಿಸಿ ನೋಡಿ, ಹೆಸರನ್ನು ಗಟ್ಟಿಯಾಗಿ ಓದಿ, ಘೋಷಣೆಗೆ ಸಹಿ ಪಡೆದೆ. ಅವಳ ಅಕ್ಷರ ಚೆನ್ನಾಗಿತ್ತು. ಏಳನೆಯ ತರಗತಿಯವರೆಗೆ ಇದೇ ಶಾಲೆಯಲ್ಲಿ ಓದಿದ್ದಳಂತೆ. ಎರಡನೆಯ ಅಧಿಕಾರಿ ಇಂಕ್ ಪ್ಯಾಡಿಗೆ ಅವಳ ಹೆಬ್ಬೆರಳನ್ನು ಒತ್ತಿಸಿ ರಿಜಿಸ್ಟರಿನ ಮೇಲಿಟ್ಟಾಗ ಮೂಡಿದ್ದು ಒಂದು ನೀಲಿ ಚುಕ್ಕೆ ಮಾತ್ರ, ಗೆರೆಗಳೇ ಇರಲಿಲ್ಲ. ಸಿಮೆಂಟು ಕಲಸಿ ಕಲಸಿ ಬೆರಳಿನ ತುದಿ ನುಣ್ಣಗಾಗಿತ್ತು. ಆಮೇಲೆ ಎಡಗೈ ತೋರುಬೆರಳಿಗೆ ಮೈಸೂರಿನ ಶಾಯಿ ಹಚ್ಚಿಸಿಕೊಂಡು ಮತ ಹಾಕಿದಳು. ಬೀಪ್ ಆದ ಮೇಲೂ ಒಂದೆರಡು ಕ್ಷಣ ವಿವಿಪ್ಯಾಟ್‌ನ ಗಾಜಿನ ಮುಂದೆಯೇ ನಿಂತಿದ್ದಳು.

ಇಂಥವರಿಗಾಗಿಯೇ ಒಂದು ಯಂತ್ರವನ್ನು ಚುನಾವಣಾ ಆಯೋಗ 2022ರ ಡಿಸೆಂಬರಿನಲ್ಲಿ ಪ್ರಕಟಿಸಿತ್ತು. ದುಡಿಯುವ ಊರಿನಿಂದಲೇ ತಮ್ಮೂರಿನ ಕ್ಷೇತ್ರಕ್ಕೆ ಮತ ಹಾಕಲು, ಒಂದೇ ಮತಗಟ್ಟೆಯಲ್ಲಿ 72 ಕ್ಷೇತ್ರಗಳವರೆಗೆ ನಿಭಾಯಿಸುವ ದೂರ ಮತಯಂತ್ರ. ಮುಂದಿನ ಜನವರಿಯಲ್ಲಿ ಪಕ್ಷಗಳ ಸಭೆ ಕರೆದಾಗ ಹಲವು ಪಕ್ಷಗಳು ಆಕ್ಷೇಪವೆತ್ತಿದವು. ಈ ಚುನಾವಣೆಗೆ ಅದು ಬರಲಿಲ್ಲ. ಆಕ್ಷೇಪಗಳಲ್ಲಿ ಹುರುಳಿತ್ತು. ವಲಸೆ ಹೋದವರು ಯಾರೆಂದು ಗುರುತಿಸುವುದು ಹೇಗೆ, ದೂರದ ಮತಗಟ್ಟೆಯಲ್ಲಿ ಎಲ್ಲ ಕ್ಷೇತ್ರಗಳ ಅಭ್ಯರ್ಥಿಗಳ ಪರವಾಗಿ ಏಜೆಂಟರು ಕೂರುವುದು ಹೇಗೆ ಎಂಬ ಪ್ರಶ್ನೆಗಳಿಗೆ ಗಟ್ಟಿಯಾದ ಉತ್ತರ ಬೇಕು. ಆದರೆ ಉತ್ತರ ಹುಡುಕುವ ಕೆಲಸವೇ ನಿಂತುಹೋದಂತೆ ಕಾಣುತ್ತಿರುವುದು ನನಗೆ ನೋವಿನ ಸಂಗತಿ. ಅದು ಆಗುವವರೆಗೆ ಬೇರೆ ದಾರಿಯೇ ಇಲ್ಲವೆಂದಲ್ಲ. ನಮ್ಮಂತೆ ಗುಳೆಯ ಜಿಲ್ಲೆಗಳಿರುವ ರಾಜ್ಯದಲ್ಲಿ ಬೆಂಗಳೂರಿಗೂ ಕಲ್ಯಾಣ ಕರ್ನಾಟಕಕ್ಕೂ ಒಂದೇ ದಿನ ಮತದಾನವಿಟ್ಟು, ಹಿಂದಿನ ರಾತ್ರಿ ವಿಶೇಷ ಬಸ್ಸುಗಳನ್ನು ಓಡಿಸಿದರೂ ಎಷ್ಟೋ ಮನೆಗಳ ಬೀಗ ತೆರೆಯುತ್ತಿತ್ತು.

ಸಂಜೆ ಆರಕ್ಕೆ ಸಾಲಿನಲ್ಲಿ ಯಾರೂ ಉಳಿದಿರಲಿಲ್ಲ. ಕ್ಲೋಸ್ ಗುಂಡಿ ಒತ್ತಿ, 17ಸಿ ನಮೂನೆಯಲ್ಲಿ ಒಟ್ಟು ಮತಗಳ ಲೆಕ್ಕ ಬರೆದು, ಏಜೆಂಟರಿಗೆ ಪ್ರತಿಗಳನ್ನು ಕೊಟ್ಟು ಸಹಿ ಪಡೆದೆವು. ಯಂತ್ರದ ಲೆಕ್ಕವೂ ರಿಜಿಸ್ಟರಿನ ಲೆಕ್ಕವೂ ಸರಿಹೊಂದಿದವು. ರಾತ್ರಿಯ ಬಸ್ಸು ಹಿಡಿಯಬೇಕಾಗಿದ್ದ ಆ ಹೆಣ್ಣುಮಗಳು, ನಾವು ಪೆಟ್ಟಿಗೆಗಳನ್ನು ಬಸ್ಸಿಗೇರಿಸುವಾಗ ಕೈಯಲ್ಲಿ ರೊಟ್ಟಿಯ ಗಂಟು ಹಿಡಿದು ಶಾಲೆಯ ಗೇಟಿನ ಬಳಿ ನಿಂತಿದ್ದಳು. ದೇವದುರ್ಗದವರೆಗೆ ಕರೆದುಕೊಂಡು ಹೋಗುತ್ತೀರಾ ಎಂದು ಅಜ್ಜ ಕೇಳಿದರು. ಮತಯಂತ್ರಗಳಿರುವ ಬಸ್ಸಿನಲ್ಲಿ ಬೇರೆಯವರನ್ನು ಹತ್ತಿಸುವ ಹಾಗಿಲ್ಲ. ಆ ದಿನ ಅವರಿಗೆ ನಾನು ಎರಡನೆಯ ಸಲ ಇಲ್ಲವೆಂದೆ.

ಮತಯಂತ್ರ, ಕಾಗದಪತ್ರಗಳನ್ನು ಮರಳಿಸುವ ಡಿ-ಮಸ್ಟರಿಂಗ್ ಕೇಂದ್ರದಲ್ಲಿ ಲಕೋಟೆಗಳನ್ನು ಒಪ್ಪಿಸುವ ಸರದಿ ಬರುವ ಹೊತ್ತಿಗೆ ಹನ್ನೊಂದು ಗಂಟೆಯಾಗಿತ್ತು. ಕೌಂಟರಿನಲ್ಲಿದ್ದವರು ತಲೆ ಎತ್ತದೆ ಒಂದೊಂದೇ ಕೇಳುತ್ತ ಹೋದರು.

"ಎಎಸ್‌ಡಿ ಎಷ್ಟು ಮಂದಿ ಬಂದಿದ್ದರು?"

"ಒಬ್ಬರು" ಎಂದೆ.

ಅವರು ಅಂಕಿಯನ್ನು ಬರೆದುಕೊಂಡು, ಘೋಷಣೆಯ ಲಕೋಟೆಯನ್ನು ಉಳಿದವುಗಳ ಮೇಲಿಟ್ಟು, ಮುಂದಿನ ಮತಗಟ್ಟೆಯ ಸಂಖ್ಯೆಯನ್ನು ಕೂಗಿದರು.