ಒಕ್ಕೂಟಗಳ ನಕ್ಷೆ: ಗೆರೆಗೊಂದು ಕ್ರಿಯಾಪದ ಬೇಕು

ಚಿಕ್ಕಬಳ್ಳಾಪುರ ಜಿಲ್ಲೆಯ ಬಾಗೇಪಲ್ಲಿ, ಗುಡಿಬಂಡೆ ಕಡೆ ಬರ ಬಂದಾಗ ಯಾವ ಸಂಸ್ಥೆಗಳು ಕೆಲಸಕ್ಕೆ ಇಳಿಯುತ್ತವೆ ಎಂದು ವಿಚಾರಿಸಿದರೆ ಉದ್ದದ ಪಟ್ಟಿಯೊಂದು ಕೈಗೆ ಬರುತ್ತದೆ. ಹೆಸರು, ವಿಳಾಸ, ಅಧ್ಯಕ್ಷರ ಫೋನ್ ನಂಬರು ಎಲ್ಲ ಇರುತ್ತದೆ. ಯಾರು ಯಾರ ಜೊತೆ ಸೇರಿ ಏನು ಮಾಡುತ್ತಾರೆ ಎಂಬುದು ಮಾತ್ರ ಇರುವುದಿಲ್ಲ. ನಮಗೆ ಬೇಕಾದದ್ದು ಅದನ್ನು ತೋರಿಸುವ ನಕ್ಷೆ. ವಿಶ್ವಸಂಸ್ಥೆಯ ಪರಿಹಾರ ಕಾರ್ಯದಲ್ಲಿ ಬಳಕೆಯಲ್ಲಿರುವ ‘ಯಾರು, ಏನು, ಎಲ್ಲಿ’ ಪಟ್ಟಿಯ ಹೆಸರಿನಲ್ಲೂ ‘ಯಾರ ಜೊತೆ’ ಎಂಬ ಪ್ರಶ್ನೆಯಿಲ್ಲ.

ನಕ್ಷೆಯಲ್ಲಿ ಚುಕ್ಕಿ ಎಂದರೆ ಸಂಸ್ಥೆ, ಗೆರೆ ಎಂದರೆ ಸಂಬಂಧ. ಹೆಚ್ಚಿನವರು ಎಲ್ಲ ಗೆರೆಗೂ ‘ಸಹಭಾಗಿ’ ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ. ಅಲ್ಲಿಗೆ ನಕ್ಷೆ ಕೆಟ್ಟಿತು. ಹಣ ಕೊಡುತ್ತದೆ, ಸದಸ್ಯನಾಗಿದೆ, ಜೊತೆಯಲ್ಲಿ ಕೆಲಸ ಮಾಡುತ್ತದೆ, ಮಾಹಿತಿ ಹಂಚಿಕೊಳ್ಳುತ್ತದೆ: ಈ ನಾಲ್ಕೂ ಬೇರೆ ಬೇರೆ ಗೆರೆಗಳು.

ಬಾಗೇಪಲ್ಲಿಯನ್ನೇ ನೋಡಿ. ಅಡಾಟ್ಸ್ ಎಂಬ ಸ್ವಯಂಸೇವಾ ಸಂಸ್ಥೆ ಮತ್ತು ಕೂಲಿ ಕುಟುಂಬಗಳ ಸಂಘಟನೆಯಾದ ಕೂಲಿ ಸಂಘದ 5,500 ಗೋಬರ್ ಗ್ಯಾಸ್ ಘಟಕಗಳ ಯೋಜನೆ 2005ರಲ್ಲಿ, ಇಂಗಾಲದ ಹೊರಸೂಸುವಿಕೆ ತಗ್ಗಿಸಿದ್ದಕ್ಕೆ ಪ್ರಮಾಣಪತ್ರ ಪಡೆದು ಮಾರಲು ಅವಕಾಶ ಕೊಟ್ಟ ವಿಶ್ವಸಂಸ್ಥೆಯ ಸ್ವಚ್ಛ ಅಭಿವೃದ್ಧಿ ವ್ಯವಸ್ಥೆಯಲ್ಲಿ (ಸಿಡಿಎಂ) ನೋಂದಣಿಯಾಯಿತು. ಕೂಲಿ ಕುಟುಂಬಕ್ಕೂ ಸಂಘಕ್ಕೂ ನಡುವೆ ಇರುವುದು ಸದಸ್ಯತ್ವ. ಸಂಘಕ್ಕೂ ಅಡಾಟ್ಸ್‌ಗೂ ನಡುವೆ ದಿನನಿತ್ಯದ ಕೆಲಸ. ಹೊರದೇಶದ ಖರೀದಿದಾರರ ಕಡೆಯಿಂದ ಇಂಥ ಯೋಜನೆಗೆ ಬರುವುದು ದೇಣಿಗೆಯಲ್ಲ, ತಗ್ಗಿಸಿದ ಹೊರಸೂಸುವಿಕೆಯನ್ನು ಅಳೆದು ಪ್ರಮಾಣಪತ್ರ ಪಡೆದ ಮೇಲೆ ಸಿಗುವ ಮಾರಾಟದ ಹಣ. ಇಡೀ ಸರಪಳಿಗೆ ‘ಸಹಭಾಗಿ’ ಎಂದು ಬರೆದರೆ, ಹೊಗೆಯಿಲ್ಲದ ಒಲೆ ಹಚ್ಚುವ ಹೆಣ್ಣುಮಗಳು ಫಲಾನುಭವಿಯಾಗಿ ಕಾಣುತ್ತಾಳೆಯೇ ಹೊರತು ಸರಕು ಹುಟ್ಟಿಸಿದವಳಾಗಿ ಕಾಣುವುದಿಲ್ಲ. ಈ ವ್ಯತ್ಯಾಸ ತೋರಿಸದ ನಕ್ಷೆ ಅವಳಿಗೆ ಮಾಡುವ ಅನ್ಯಾಯ.

ದೊಡ್ಡ ಮಟ್ಟದಲ್ಲೂ ಹಾಗೆಯೇ. ಪರಿಹಾರ ಕಾರ್ಯದಲ್ಲಿ ಸ್ಥಳೀಯ ಸಂಸ್ಥೆಗಳಿಗೆ ಹೆಚ್ಚು ಹಣ, ಹೆಚ್ಚು ಅಧಿಕಾರ ಕೊಡುತ್ತೇವೆ ಎಂಬ 2015ರ ‘ಚಾರ್ಟರ್ ಫಾರ್ ಚೇಂಜ್’ ಪ್ರತಿಜ್ಞೆಗೆ ಅಂತರರಾಷ್ಟ್ರೀಯ ಸಂಸ್ಥೆಗಳು ಸಹಿ ಹಾಕಿವೆ, ಸ್ಥಳೀಯ ಸಂಸ್ಥೆಗಳು ಅನುಮೋದಿಸಿವೆ. ಸಹಿ ಹಾಕಿದವರ ಮೇಲೆ ಬದ್ಧತೆಯ ಭಾರವಿದೆ, ಅನುಮೋದಿಸಿದವರು ಅದನ್ನು ಈಡೇರಿಸಿ ಎಂದು ಕೇಳುವ ಕಡೆಯವರು. ಒಂದೇ ಬಣ್ಣದ ಗೆರೆ ಎಳೆದರೆ ಸಾಲಗಾರನೂ ಸಾಲ ಕೊಟ್ಟವನೂ ಒಂದೇ ಆದಂತೆ.

ಕೆಲಸ ಶುರುವಾಗಬೇಕಾದದ್ದು ಒಂದು ಸಣ್ಣ ಪ್ರಶ್ನೆಯಿಂದ. ‘ಜಿಲ್ಲೆಯ ನಾಗರಿಕ ಸಮಾಜ’ ಎಂದು ಹೊರಟರೆ ಮುಗಿಯುವುದಿಲ್ಲ. ‘ಬೇಸಿಗೆಯಲ್ಲಿ ಈ ತಾಲ್ಲೂಕಿನ ಮೇವು, ನೀರಿನ ಕೆಲಸ’ ಎಂದರೆ ಮುಗಿಯುತ್ತದೆ. ಗೊತ್ತಿರುವ 12–15 ಸಂಸ್ಥೆಗಳಿಂದ ಆರಂಭಿಸಿ, ಪ್ರತಿಯೊಬ್ಬರಿಗೂ ಮೂರೇ ಪ್ರಶ್ನೆ: ಕಳೆದ 12 ತಿಂಗಳಲ್ಲಿ ಯಾರ ಜೊತೆ ಕೆಲಸ ಮಾಡಿದಿರಿ? ಹಣ ಎಲ್ಲಿಂದ ಬಂತು? ತುರ್ತು ಬಂದರೆ ಮೊದಲ ಫೋನ್ ಯಾರಿಗೆ? ಬಂದ ಹೊಸ ಹೆಸರುಗಳ ಬಳಿಗೂ ಹೋಗಿ. ಹೊಸ ಹೆಸರು ಬರುವುದು ನಿಂತಾಗ ನಿಲ್ಲಿಸಿ. ಕಾರ್ಯದರ್ಶಿಯನ್ನು ಕೇಳಿದಂತೆಯೇ ಕ್ಷೇತ್ರ ಕಾರ್ಯಕರ್ತರನ್ನೂ ಬೇರೆಯಾಗಿ ಕೇಳಬೇಕು. ಮೂರನೆಯ ಪ್ರಶ್ನೆಗೆ ಇಬ್ಬರ ಉತ್ತರ ಹೆಚ್ಚಾಗಿ ಬೇರೆಯಾಗಿರುತ್ತದೆ, ನಂಬಬೇಕಾದದ್ದು ಕಾರ್ಯಕರ್ತರದನ್ನು. ಒಬ್ಬರು ಹೇಳಿ ಇನ್ನೊಬ್ಬರು ಹೇಳದ ಸಂಬಂಧಕ್ಕೆ ಚುಕ್ಕೆ ಗೆರೆ.

ಎಕ್ಸೆಲ್‌ನಲ್ಲಿ ಎರಡು ಹಾಳೆ ಸಾಕು. ಒಂದರಲ್ಲಿ ಸಂಸ್ಥೆಗಳು: ಕ್ರಮಸಂಖ್ಯೆ, ಕನ್ನಡದ ಹೆಸರು, ಇಂಗ್ಲಿಷ್ ಹೆಸರು, ನೋಂದಣಿ ಸಂಖ್ಯೆ, ಕೆಲಸ ಮಾಡುವ ತಾಲ್ಲೂಕು. ಇನ್ನೊಂದರಲ್ಲಿ ಗೆರೆಗಳು: ಯಾರಿಂದ, ಯಾರಿಗೆ, ಕ್ರಿಯಾಪದ, ಶುರುವಾದ ವರ್ಷ, ಮುಗಿದ ವರ್ಷ, ಪುರಾವೆ. ಪುರಾವೆ ಎಂದರೆ ಸಭೆಯ ನಡಾವಳಿ, ಒಪ್ಪಂದ, ಜಂಟಿ ಮನವಿ ಪತ್ರ. ಬ್ಯಾನರಿನ ಫೋಟೋ ಪುರಾವೆಯಲ್ಲ. ಇಂಥ ನಕ್ಷೆ ಬಿಡಿಸುವ ಗೆಫಿ (Gephi) ತಂತ್ರಾಂಶಕ್ಕೆ ಹಾಕುವಾಗ ‘ಸೋರ್ಸ್’ (ಯಾರಿಂದ), ‘ಟಾರ್ಗೆಟ್’ (ಯಾರಿಗೆ) ತಲೆಬರಹಗಳು ಇಂಗ್ಲಿಷಿನಲ್ಲೇ ಇರಲಿ, ಫೈಲನ್ನು ಕನ್ನಡ ಅಕ್ಷರಗಳನ್ನು ಉಳಿಸಿಕೊಳ್ಳುವ ಯುಟಿಎಫ್-8 (UTF-8) ಸಂಕೇತದಲ್ಲಿ ಉಳಿಸಿ. ಇಲ್ಲವಾದರೆ ಕನ್ನಡದ ಹೆಸರುಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗಿಬಿಡುತ್ತವೆ.

ನಮ್ಮ ಕಡೆ ಎಡವುವ ಜಾಗಗಳು ಬೇರೆಯೇ ಇವೆ. ಚಿಕ್ಕಬಳ್ಳಾಪುರ 2007ರಲ್ಲಿ ಕೋಲಾರದಿಂದ ಬೇರೆಯಾಯಿತು. ಅದಕ್ಕೂ ಹಿಂದಿನ ದಾಖಲೆಗಳಲ್ಲಿ ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರಿನ ಕೆಲಸವೆಲ್ಲ ಕೋಲಾರದ ಲೆಕ್ಕದಲ್ಲಿದೆ. ಹಾಗಾಗಿ ಜಿಲ್ಲೆಯನ್ನು ಬಿಟ್ಟು ತಾಲ್ಲೂಕು ಬರೆದುಕೊಳ್ಳಿ. ನೋಂದಣಿ ವಿಳಾಸ ಬೆಂಗಳೂರಿನದಾಗಿದ್ದು ಕೆಲಸ ಇಲ್ಲಿ ನಡೆಯುವುದುಂಟು. ವಿಳಾಸ ನಂಬಿದರೆ ಅಂಥವು ನಕ್ಷೆಯಿಂದಲೇ ಮಾಯ.

ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ಹಣದ ಗೆರೆಯಲ್ಲಿ. ವಿದೇಶಿ ದೇಣಿಗೆ (ನಿಯಂತ್ರಣ) ಕಾಯ್ದೆಗೆ 2020ರಲ್ಲಿ ಬಂದ ತಿದ್ದುಪಡಿಯ ನಂತರ, ವಿದೇಶಿ ದೇಣಿಗೆ ಪಡೆದ ಸಂಸ್ಥೆ ಅದನ್ನು ಇನ್ನೊಂದು ಸಂಸ್ಥೆಗೆ ವರ್ಗಾಯಿಸುವಂತಿಲ್ಲ. ಆಡಳಿತ ವೆಚ್ಚದ ಮಿತಿಯೂ ಶೇ. 50ರಿಂದ ಶೇ. 20ಕ್ಕೆ ಇಳಿಯಿತು. ದೊಡ್ಡ ಸಂಸ್ಥೆ ತಂದ ವಿದೇಶಿ ಹಣ ತಾಲ್ಲೂಕಿನ ಸಣ್ಣ ಸಂಸ್ಥೆಗೆ ಇಳಿಯುತ್ತಿದ್ದ ದಾರಿ ಅಲ್ಲಿಗೆ ಮುಚ್ಚಿತು. 2019ರ ನಕ್ಷೆಯನ್ನು ಈಗ ಹಾಗೆಯೇ ಬಳಸಿದರೆ ಬತ್ತಿದ ಕಾಲುವೆಯಲ್ಲಿ ನೀರು ತೋರಿಸಿದಂತಾಗುತ್ತದೆ. ಆ ಗೆರೆಗಳನ್ನು ಅಳಿಸುವುದು ಬೇಡ, ಮುಗಿದ ವರ್ಷ ತುಂಬಿಸಿ. ಹಣ ನಿಂತ ಮೇಲೂ ಜೊತೆಯಾಗಿ ಕೆಲಸ ಮಾಡುತ್ತಿರುವ ಜೋಡಿಗಳು ಆಗ ತಾವಾಗಿಯೇ ಕಾಣುತ್ತವೆ. ಒಕ್ಕೂಟದ ನಿಜವಾದ ಬಲ ಅಲ್ಲಿದೆ.

ಒಂದು ಸಂಸ್ಥೆಗೆ ಅತಿ ಹೆಚ್ಚು ಗೆರೆಗಳಿದ್ದ ಮಾತ್ರಕ್ಕೆ ಅದೇ ಮುಖ್ಯ ಎನ್ನಬೇಡಿ. ಐದಾರು ವೇದಿಕೆಗಳಿಗೆ ಸದಸ್ಯತ್ವ ಶುಲ್ಕ ಕಟ್ಟಿದರೂ ಗೆರೆ ಹೆಚ್ಚುತ್ತದೆ. ಸದಸ್ಯತ್ವದ ಗೆರೆಗಳನ್ನು ಮರೆಮಾಡಿ ಮತ್ತೊಮ್ಮೆ ಲೆಕ್ಕ ಹಾಕಿ. ಆಮೇಲೂ ನಡುವೆ ನಿಂತಿರುವ, ಅದು ಹೋದರೆ ಎರಡು ಗುಂಪುಗಳ ನಡುವೆ ಮಾತೇ ನಿಂತುಹೋಗುವ ಸಣ್ಣ ಸಂಸ್ಥೆಯನ್ನು ಗುರುತಿಸಿ.

ನಕ್ಷೆಗೆ ಎರಡು ಪ್ರತಿ ಇರಲಿ. ಹೊರಗೆ ಹೋಗುವ ಪ್ರತಿಯಲ್ಲಿ ವ್ಯಕ್ತಿಗಳ ಹೆಸರು, ಫೋನ್ ನಂಬರು, ‘ಮೊದಲ ಫೋನ್ ಯಾರಿಗೆ’ ಎಂಬುದರ ಉತ್ತರ ಇರಬಾರದು. ಬಹಿರಂಗಪಡಿಸುವ ಪ್ರತಿ ಗೆರೆಗೂ ಎರಡೂ ಕಡೆಯವರ ಒಪ್ಪಿಗೆ ಪಡೆಯಿರಿ. ಬೇಡ ಎಂದವರ ಗೆರೆ ಒಳಗಿನ ಪ್ರತಿಯಲ್ಲೇ ಉಳಿಯಲಿ.